ಹಳದಿ ದೀಪದ ಒಳಗುಟ್ಟು: ಇಂಜಿನಿನ ಸೆನ್ಸರುಗಳು, ಹೊಗೆಯ ವಾಲ್ವುಗಳು ಮತ್ತು ನಮ್ಮ ಕೈಕಸುಬು

(ದಾವಣಗೆರೆಯಲ್ಲಿ ಗ್ಯಾರೇಜು ಕೆಲಸಗಾರರೂ ಮಿಲ್ ಕಾರ್ಮಿಕರೂ ಕೂಡಿ ನಡೆಸಿದ ಸಭೆಯಲ್ಲಿ ಮೆಕ್ಯಾನಿಕ್ ಸಂಗಾತಿಯೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಸ್ಪ್ಯಾನರು ಹಿಡಿದ ಕೈಗೆ ಮೈಕು ಹಿಡಿಯುವುದು ಕಷ್ಟವೇ ಸರಿ. ಆದರೂ ಹಿಂದಿನ ಸಭೆಯಲ್ಲಿ ಎದ್ದ ಪ್ರಶ್ನೆಯೊಂದಕ್ಕೆ ನಾನೇ ಉತ್ತರ ಹೇಳತಕ್ಕದ್ದೆಂದು ಕಾರ್ಯದರ್ಶಿಗಳು ಪಟ್ಟು ಹಿಡಿದರು. ಪ್ರಶ್ನೆ ಇಷ್ಟೆ: ಈಗಿನ ಗಾಡಿಗಳಲ್ಲಿ ಮೀಟರಿನ ಪಕ್ಕ ಇಂಜಿನಿನ ಆಕಾರದ ಹಳದಿ ದೀಪವೊಂದು ಹತ್ತುತ್ತದೆ, ಅದು ಹತ್ತಿದೊಡನೆ ನಮ್ಮ ಜೇಬು ಖಾಲಿಯಾಗುತ್ತದೆ, ಇದರ ಒಳಗುಟ್ಟೇನು?

ಪ್ರಶ್ನೆ ಕೇಳಿದವರು ಕಿರಾಣಿ ಅಂಗಡಿಯವರು. ಸಾಮಾನು ತರಲೆಂದು ಹಳೆಯ ಗಾಡಿ ಕೊಂಡವರು. ಇಲ್ಲಿ ಕೂತವರಲ್ಲಿ ಅನೇಕರು ಅಂಥವರೇ. ಮಿಲ್ಲಿನಿಂದ ಬಂದ ಗ್ರಾಚ್ಯುಯಿಟಿ ಹಣವನ್ನು ಮಗನ ಟ್ಯಾಕ್ಸಿಗೆ ಹಾಕಿದವರೂ ಇದ್ದಾರೆ. ಆದ್ದರಿಂದ ಇದು ಬರೀ ಮೆಕ್ಯಾನಿಕರ ವಿಷಯವೆಂದು ಯಾರೂ ತಿಳಿಯಬಾರದು.

ಮೊದಲು ಸೆನ್ಸರೆಂದರೇನು ಎಂಬುದನ್ನು ನೋಡೋಣ. ಮಗ್ಗದ ಖಾತೆಯಲ್ಲಿ ದುಡಿದವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಹಾಸಿನ ಒಂದೊಂದು ಎಳೆಯ ಮೇಲೂ ತೆಳ್ಳನೆಯ ಉಕ್ಕಿನ ಪಟ್ಟಿ, ಡ್ರಾಪ್ ವೈರು, ತೂಗುತ್ತಿರುತ್ತದೆ. ಎಳೆ ಹರಿದರೆ ಪಟ್ಟಿ ಬೀಳುತ್ತದೆ. ಪಟ್ಟಿ ಬಿದ್ದರೆ ಮಗ್ಗ ನಿಲ್ಲುತ್ತದೆ. ಅದೇ ಸೆನ್ಸರು. ಕಣ್ಣಿಲ್ಲದ ಯಂತ್ರಕ್ಕೆ ಕೊಟ್ಟ ಕಣ್ಣು. ಮೋಟಾರಿನಲ್ಲಿ ವ್ಯತ್ಯಾಸವೇನೆಂದರೆ, ಇಲ್ಲಿನ ಕಣ್ಣುಗಳು ಇಂಜಿನನ್ನು ನೇರವಾಗಿ ನಿಲ್ಲಿಸುವುದಿಲ್ಲ. ತಾವು ಕಂಡದ್ದನ್ನು ವಿದ್ಯುತ್ತಿನ ಮೂಲಕ ಒಂದು ಪೆಟ್ಟಿಗೆಗೆ ವರದಿ ಮಾಡುತ್ತವೆ. ಆ ಪೆಟ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರು, ಎಷ್ಟು ಎಣ್ಣೆ ಬಿಡಬೇಕು, ಕಿಡಿ ಯಾವಾಗ ಕೊಡಬೇಕು ಎಂದು ತೀರ್ಮಾನಿಸಿ ಹುಕುಂ ಕೊಡುತ್ತದೆ. ಹುಕುಮನ್ನು ನಡೆಸುವವು ವಾಲ್ವುಗಳು, ಇಂಜೆಕ್ಟರುಗಳು. ವರದಿ ಸುಳ್ಳಾದರೆ ಹುಕುಮೂ ತಪ್ಪು. ನಮ್ಮ ಮಿಲ್ಲುಗಳಲ್ಲಿ ಮ್ಯಾನೇಜರಿಗೆ ತಪ್ಪು ವರದಿ ಹೋದಾಗ ಏನಾಗುತ್ತಿತ್ತೆಂದು ನಿಮಗೇ ಗೊತ್ತು.

ಈಗ ಬಾನೆಟ್ಟು ಎತ್ತೋಣ. ಎಲ್ಲ ಗಾಡಿಗಳಲ್ಲೂ ಜಾಗ ಒಂದೇ ಆಗಿರುವುದಿಲ್ಲ. ಆದರೆ ಯಾವ ಸೆನ್ಸರು ಏನನ್ನು ಅಳೆಯುತ್ತದೆಂದು ತಿಳಿದವನಿಗೆ ಅದು ಎಲ್ಲಿರಬೇಕೆಂಬುದು ತಾನಾಗಿ ಹೊಳೆಯುತ್ತದೆ. ನೀರಿನ ಬಿಸಿ ಅಳೆಯುವುದು ನೀರು ಇಂಜಿನಿನಿಂದ ಹೊರಬೀಳುವ ಕಡೆಯಲ್ಲದೆ ಇನ್ನೆಲ್ಲಿರಬೇಕು? ಥರ್ಮೋಸ್ಟಾಟಿನ ಮನೆಯ ಹತ್ತಿರ ಹಿತ್ತಾಳೆಯ ತುದಿ, ಎರಡು ವೈರು. ಬಿಸಿ ಏರಿದಂತೆ ಇದರ ವಿದ್ಯುತ್ ತಡೆ ಇಳಿಯುತ್ತದೆ. ಸಾಮಾನ್ಯವಾಗಿ ತಣ್ಣಗಿರುವಾಗ ಎರಡು ಮೂರು ಸಾವಿರ ಓಮ್, ಇಂಜಿನ್ ಕಾದಾಗ ಮುನ್ನೂರರ ಆಸುಪಾಸು. ಲೋಟದಲ್ಲಿ ಬಿಸಿನೀರು ಹಾಕಿ, ಸೆನ್ಸರಿನ ತುದಿ ಅದ್ದಿ, ಮಲ್ಟಿಮೀಟರು ಹಿಡಿದರೆ ಸಾಕು. ಇದಕ್ಕೆ ಯಾವ ಕಂಪೆನಿಯ ಅಪ್ಪಣೆಯೂ ಬೇಡ. ಇದು ಕೆಟ್ಟು ಯಾವಾಗಲೂ "ತಣ್ಣಗಿದೆ" ಎಂದು ವರದಿ ಮಾಡಿದರೆ ಪೆಟ್ಟಿಗೆ ಎಣ್ಣೆಯನ್ನು ಹೆಚ್ಚು ಹೆಚ್ಚು ಬಿಡುತ್ತದೆ. ಪ್ಲಗ್ಗು ಕರಿಯಾಗುತ್ತದೆ, ಮೈಲೇಜು ಬೀಳುತ್ತದೆ. ಪೆಟ್ರೋಲ್ ಬಂಕಿನವನು ಅಳತೆಯಲ್ಲಿ ಮೋಸ ಮಾಡಿದನೆಂದು ನಾವು ಅವನೊಡನೆ ಜಗಳವಾಡುತ್ತೇವೆ!

ಗಾಳಿ ಅಳೆಯುವ ಸೆನ್ಸರು ಎರಡು ಬಗೆ. ಒಂದು, ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲೆ ಕೂತು ಒಳಗಿನ ಒತ್ತಡ ನೋಡುವುದು. ಚಾವಿ ತಿರುಗಿಸಿ, ಇಂಜಿನ್ ಚಾಲೂ ಮಾಡದೆ ನೋಡಿದರೆ ಇದು ಊರಿನ ಗಾಳಿಯ ಒತ್ತಡವನ್ನೇ ತೋರಿಸತಕ್ಕದ್ದು. ಸಮುದ್ರದಿಂದ ಸುಮಾರು ೬೦೦ ಮೀಟರ್ ಎತ್ತರದಲ್ಲಿರುವ ದಾವಣಗೆರೆಯಲ್ಲಿ ಅದು ೯೪ ಕಿಲೋಪಾಸ್ಕಲ್ಲಿನ ಆಸುಪಾಸು. ಪೂರ್ತಿ ಬೇರೆ ಅಂಕಿ ಬಂದರೆ ಸೆನ್ಸರನ್ನೋ ವೈರನ್ನೋ ಸಂಶಯಿಸಬೇಕು. ಇನ್ನೊಂದು ಬಗೆ, ಏರ್ ಫಿಲ್ಟರಿನ ಡಬ್ಬಿಯಿಂದ ಹೊರಟ ಕೊಳವೆಯಲ್ಲೇ ಕೂತಿರುತ್ತದೆ. ಡೀಸೆಲ್ ಗಾಡಿಗಳಲ್ಲಿ ಹೆಚ್ಚು. ಒಳಗೆ ಕೂದಲಿಗಿಂತ ನಾಜೂಕಾದ ಬಿಸಿ ಪದರವೊಂದಿದೆ. ಇದಕ್ಕೆ ಕಂಪ್ರೆಸರಿನ ಗಾಳಿ ಹೊಡೆದು ಕೆಡಿಸಿದ ಹುಡುಗರು ನಮ್ಮಲ್ಲಿ ಬಹಳ. ನಾನೂ ಒಂದನ್ನು ಹಾಗೆ ಕೊಂದಿದ್ದೇನೆ.

ಫ್ಲೈವೀಲಿನ ಹತ್ತಿರವೋ ಮುಂದಿನ ಪುಲ್ಲಿಯ ಹತ್ತಿರವೋ ಕ್ರ್ಯಾಂಕ್ ಸೆನ್ಸರು ಇರುತ್ತದೆ. ಗಾಡಿ ಕಾದಾಗ ಇದ್ದಕ್ಕಿದ್ದಂತೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದವರಂತೆ ಚಾಲೂ ಆದರೆ ಮೊದಲು ಇದರ ಮೇಲೆ ಕಣ್ಣಿಡಿ.

ಸೈಲೆನ್ಸರಿನ ದಾರಿಯಲ್ಲಿ, ಹೊಗೆ ಶುದ್ಧಿ ಮಾಡುವ ಕನ್ವರ್ಟರಿಗೆ ಮುಂಚೆ ಒಂದು, ಆಚೆ ಒಂದು, ಹೀಗೆ ಎರಡು ಆಮ್ಲಜನಕದ ಸೆನ್ಸರುಗಳು. ಇದನ್ನು ಅಡಿಗೆಯವಳ ನಾಲಿಗೆ ಎನ್ನಬಹುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ೧೪.೭ ಪಾಲು ಗಾಳಿ ಬೆರೆತರೆ ದಹನ ಸರಿಯಾಗುತ್ತದೆ. ಈ ನಾಲಿಗೆ ಹೊಗೆಯ ರುಚಿ ನೋಡಿ, ಪೆಟ್ರೋಲು ಹೆಚ್ಚಾಗಿದ್ದರೆ ಸುಮಾರು ೦.೯ ವೋಲ್ಟು, ಗಾಳಿ ಹೆಚ್ಚಾಗಿದ್ದರೆ ೦.೧ ವೋಲ್ಟು ಕೊಡುತ್ತದೆ. ಕನ್ವರ್ಟರಿಗೆ ಮುಂಚೆ ಇರುವ, ಹಳೆಯ ಬಗೆಯ ಇಂಥ ಸೆನ್ಸರು ಸರಿಯಾಗಿದ್ದರೆ ಇವೆರಡರ ನಡುವೆ ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು. ಒಂದೇ ಕಡೆ ನಿಂತುಬಿಟ್ಟರೆ ಏನೋ ತೊಂದರೆ. ಸುಮಾರು ೩೦೦ ಡಿಗ್ರಿ ಕಾಯುವ ತನಕ ಇದಕ್ಕೆ ರುಚಿ ತಿಳಿಯದು, ಆದ್ದರಿಂದ ಒಳಗೇ ಒಂದು ಹೀಟರು ಇಟ್ಟಿದ್ದಾರೆ. ಬಿಚ್ಚುವುದಕ್ಕೆ ಹೆಚ್ಚಾಗಿ ೨೨ರ ಸ್ಪ್ಯಾನರು ಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟು, ಇಂಜಿನ್ ಉಗುರು ಬೆಚ್ಚಗಿರುವಾಗ ತಿರುಗಿಸಿದರೆ ಥ್ರೆಡ್ಡು ಉಳಿಯುತ್ತದೆ. ಪ್ಯಾಕಿಂಗಿಗೆ ಸಿಕ್ಕಸಿಕ್ಕ ಸಿಲಿಕೋನ್ ಬಳಿಯಬೇಡಿ. ಅದರ ಆವಿ ಈ ನಾಲಿಗೆಯನ್ನು ಸಾಯಿಸುತ್ತದೆ. ಸೀಸದ ಪೆಟ್ರೋಲೂ ಹಾಗೆಯೇ ಮಾಡುತ್ತಿತ್ತು. ೨೦೦೦ದ ಫೆಬ್ರವರಿಯಲ್ಲಿ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲು ಬಂದ ಮೇಲೆಯೇ ಇಂಥ ಸಲಕರಣೆಗಳು ನಮ್ಮ ಸಣ್ಣ ಊರುಗಳಲ್ಲಿ ಬದುಕಿ ಬಾಳಿದ್ದು.

ಇನ್ನು ಹೊಗೆಯ ವಾಲ್ವುಗಳಿಗೆ ಬರುತ್ತೇನೆ. ನನ್ನ ಮಾತಿನ ಮುಖ್ಯ ಭಾಗ ಇದೇ.

ಅತ್ಯಂತ ಅಗ್ಗದ್ದು, ಅತ್ಯಂತ ಅಲಕ್ಷ್ಯಕ್ಕೆ ಗುರಿಯಾದದ್ದು ಕ್ರ್ಯಾಂಕ್‌ಕೇಸಿನ ಉಸಿರು ಎಳೆಯುವ ವಾಲ್ವು. ಇಂಜಿನಿನ ಮೇಲುಮುಚ್ಚಳದಲ್ಲಿ ಹೆಬ್ಬೆಟ್ಟಿನ ಗಾತ್ರದ್ದು. ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡಬೇಕು. ಸದ್ದಿಲ್ಲದಿದ್ದರೆ ಕಟ್ಟಿಕೊಂಡಿದೆ ಎಂದರ್ಥ. ಇದು ಕಟ್ಟಿಕೊಂಡಾಗ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಸೀಲುಗಳಿಂದ ಎಣ್ಣೆ ಜಿನುಗುತ್ತದೆ. ಸೀಲು ಬದಲಿಸಿ, ಮತ್ತೆ ಬದಲಿಸಿ, ವಾಲ್ವನ್ನು ಮಾತ್ರ ಮುಟ್ಟದೆ ಬಿಲ್ಲು ಮಾಡುವ ಪದ್ಧತಿ ಎಲ್ಲ ಕಡೆಯೂ ಇದೆ.

ಎರಡನೆಯದು, ಹೊಗೆಯನ್ನು ಮರಳಿ ಒಳಕ್ಕೆ ಬಿಡುವ ವಾಲ್ವು. ಇ.ಜಿ.ಆರ್. ಎಂದರೆ ಎಲ್ಲ ಡ್ರೈವರುಗಳಿಗೂ ಗೊತ್ತು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕ. ಅದು ಸಾಧು ಸ್ವಭಾವದ್ದು, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನ ಉರಿಯ ತಾಪ ಮಿತಿಮೀರಿದಾಗ ಆಮ್ಲಜನಕದೊಡನೆ ಸೇರಿ ವಿಷವಾಗುತ್ತದೆ. ಆ ವಿಷ ಶ್ವಾಸಕೋಶಕ್ಕೆ ಕೇಡು; ಬಿಸಿಲಿನಲ್ಲಿ ಇನ್ನಷ್ಟು ಕೇಡಿನ ಓಝೋನನ್ನು ಹುಟ್ಟಿಸುತ್ತದೆ. ಸುಟ್ಟ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಒಳಕ್ಕೆ ಬಿಟ್ಟರೆ ಆಮ್ಲಜನಕದ ಪಾಲು ಕಡಿಮೆಯಾಗಿ, ತಾಪ ಇಳಿದು, ವಿಷವೂ ಇಳಿಯುತ್ತದೆ. ಒಲೆಯ ಉರಿಯ ಮೇಲೆ ಸ್ವಲ್ಪ ಬೂದಿ ಎಳೆದಂತೆ. ಇದರ ತಾಪತ್ರಯವೇನೆಂದರೆ ಹೊಗೆಯ ಜೊತೆ ಮಸಿಯೂ ಬಂದು ವಾಲ್ವಿನ ಬಾಯಿಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ತೆರೆದೇ ನಿಂತರೆ ಇಂಜಿನ್ ನಿಂತಲ್ಲೇ ನಡುಗುತ್ತದೆ, ಎಳೆತ ಹೋಗುತ್ತದೆ. ಮುಚ್ಚಿಯೇ ನಿಂತರೆ ಡ್ರೈವರಿಗೆ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಗೆ ತಿಳಿಯುತ್ತದೆ, ಹಳದಿ ದೀಪ ಹತ್ತುತ್ತದೆ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷದ ಹಿಂದೆ ಮಿಲ್ಲಿನಿಂದ ನಿವೃತ್ತರಾದ ಹಿರಿಯರೊಬ್ಬರು ಮಗನ ಡೀಸೆಲ್ ಟ್ಯಾಕ್ಸಿ ತಂದರು. ಕಂಪೆನಿಯ ಸರ್ವೀಸ್ ಕೇಂದ್ರದವರು ಇಡೀ ವಾಲ್ವು ಬದಲಿಸಬೇಕೆಂದು ಇಪ್ಪತ್ತೆಂಟು ಸಾವಿರ ರೂಪಾಯಿ ಹೇಳಿದ್ದರಂತೆ. ಮಗ ಕಂತು ಕಟ್ಟಲಾರದೆ ಒದ್ದಾಡುತ್ತಿದ್ದ. ನಾನು, ಆಗ ಎಲ್ಲರೂ ಮಾಡುತ್ತಿದ್ದ ಹಾಗೆ, ವಾಲ್ವಿನ ದಾರಿಗೆ ಅಡ್ಡ ಒಂದು ತಗಡು ಕೂರಿಸಿದೆ. ದೀಪ ಹತ್ತದಂತೆ ಪೆಟ್ಟಿಗೆಯನ್ನು ಸುಮ್ಮನಿರಿಸುವವನೊಬ್ಬನಿದ್ದ. ಅವನ ಕೈಯಲ್ಲಿ ಅದೂ ಆಯಿತು. ಎರಡು ಸಾವಿರದಲ್ಲಿ ಕೆಲಸ ಮುಗಿಯಿತು. ಗಾಡಿಯ ಎಳೆತವೂ ಸ್ವಲ್ಪ ಚುರುಕಾಯಿತು. ಹೊಗೆ ತಪಾಸಣೆಯಲ್ಲೂ ಪಾಸಾಯಿತು. ಏಕೆಂದರೆ ಆ ತಪಾಸಣೆಯವರು ಡೀಸೆಲ್ ಗಾಡಿಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನೇ ಹೊರತು ಕಣ್ಣಿಗೆ ಕಾಣದ ಈ ಸಾರಜನಕದ ವಿಷವನ್ನಲ್ಲ. ನಾನು ಹೆಮ್ಮೆಯಿಂದಲೇ ತಗಡು ತೋರಿಸಿ ಹೇಳಿದೆ: "ಯಜಮಾನ್ರೇ, ಇಷ್ಟೇ ನೋಡ್ರಿ."

ಅವರು ತಗಡನ್ನು ಕೈಯಲ್ಲಿ ತಿರುವಿ ನೋಡಿದರು. ಕೆಮ್ಮು ಬಂತು, ಕೂತು ಸುಧಾರಿಸಿಕೊಂಡರು. ಆಮೇಲೆ ಹೇಳಿದರು: "ತಮ್ಮಾ, ನಮ್ಮ ಬ್ಲೋ ರೂಮಿನಾಗ ಧೂಳು ಎಳಿಯೋ ಫ್ಯಾನು ಕರೆಂಟು ತಿಂತೈತಿ ಅಂತ ರಾತ್ರಿ ಪಾಳಿಗೆ ಬಂದ್ ಮಾಡಿಸ್ತಿದ್ರು. ಇನ್ಸ್‌ಪೆಕ್ಟರ್ ಬರೋ ದಿನ ಚಾಲೂ ಮಾಡಿಸ್ತಿದ್ರು. ಆ ಧೂಳು ಈಗ ನನ್ನ ಎದಿಯಾಗೈತಿ. ನೀನೂ ಅದನ್ನ ಮಾಡಿದ್ಯಲ್ಲೋ."

ನನಗೆ ಉತ್ತರ ಹೊಳೆಯಲಿಲ್ಲ. ಹತ್ತಿಯ ಧೂಳಿನ ಕೆಮ್ಮು ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಆ ಟ್ಯಾಕ್ಸಿ ದಿನವೂ ನಿಲ್ಲುತ್ತಿದ್ದುದು ಬಸ್ ನಿಲ್ದಾಣದ ಎದುರು. ಅಲ್ಲಿ ಹೂವು ಮಾರುವವರಿದ್ದಾರೆ, ತಳ್ಳುಗಾಡಿಯವರಿದ್ದಾರೆ. ಹವಾನಿಯಂತ್ರಿತ ಗಾಡಿಯ ಗಾಜು ಏರಿಸಿಕೊಂಡು ಹೋಗುವವರಿಗಿಂತ ಹೆಚ್ಚು ಆ ಹೊಗೆಯನ್ನು ಕುಡಿಯುವವರು ಅವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೨ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಯಲ್ಲೇ ಸೇರಿಸಿತು. ಅದನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರು ಯಾರು? ಗ್ಯಾರೇಜಿನ ನಾವೇ.

ಹಿರಿಯರು ಹೇಳಿದ ಆ ಇನ್ಸ್‌ಪೆಕ್ಟರನ ದಿನದ ಫ್ಯಾನಿನ ಕಥೆಯನ್ನು ಜರ್ಮನಿಯ ದೊಡ್ಡ ಕಂಪೆನಿಯೊಂದು ಜಗತ್ತಿಗೇ ಆಡಿ ತೋರಿಸಿತು. ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಾರುಗಳ ಪೆಟ್ಟಿಗೆಯೊಳಗೆ, ಈಗ ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಗುರುತಿಸುವ ಲೆಕ್ಕವೊಂದನ್ನು ಬರೆದಿಟ್ಟಿದ್ದರು. ಸ್ಟಿಯರಿಂಗು ಅಲ್ಲಾಡುತ್ತಿಲ್ಲ, ಚಕ್ರ ಮಾತ್ರ ತಿರುಗುತ್ತಿದೆ ಎಂದರೆ ಪರೀಕ್ಷೆಯೆಂದೇ ಅರ್ಥ. ಆಗ ಹೊಗೆಯ ಸಲಕರಣೆಗಳೆಲ್ಲ ಪೂರ್ತಿ ಕೆಲಸ ಮಾಡುತ್ತಿದ್ದವು. ರಸ್ತೆಗಿಳಿದ ಮೇಲೆ ಸಡಿಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳತೆಯ ಯಂತ್ರವನ್ನು ಗಾಡಿಯಲ್ಲೇ ಹೇರಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ ಇದು ಬಯಲಿಗೆ ಬಂತು. ೨೦೧೫ರ ಸೆಪ್ಟೆಂಬರ್ ೧೮ರಂದು ಅಮೆರಿಕದ ಪರಿಸರ ಇಲಾಖೆ ನೋಟೀಸು ಕೊಟ್ಟಿತು. ರಸ್ತೆಯ ಮೇಲೆ ವಿಷ ಮಿತಿಯ ನಲವತ್ತು ಪಟ್ಟಿನ ತನಕ ಹೋಗುತ್ತಿತ್ತೆಂದು ಅದರಲ್ಲಿದೆ. ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಗಾಡಿಗಳಲ್ಲಿ ಈ ಲೆಕ್ಕ ಇತ್ತೆಂದು ಕಂಪೆನಿಯೇ ಒಪ್ಪಿತು. ನಮ್ಮ ದೇಶದಲ್ಲೂ ಮೂರು ಲಕ್ಷಕ್ಕೆ ಮೇಲ್ಪಟ್ಟು ಗಾಡಿಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಲಾಯಿತು. ೨೦೧೯ರ ಮಾರ್ಚಿನಲ್ಲಿ ಹಸಿರು ನ್ಯಾಯಮಂಡಳಿ ೫೦೦ ಕೋಟಿ ದಂಡ ಹೇಳಿತು. ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಇದು ಹೊಸ ಚಾಳಿಯೂ ಅಲ್ಲ. ಲಾಸ್ ಏಂಜಲಿಸ್ ನಗರದ ಕಣ್ಣುರಿಸುವ ಮಬ್ಬಿಗೆ ಮೋಟಾರುಗಳ ಹೊಗೆಯೇ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ೧೯೫೦ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಹೊಗೆ ತಡೆಯುವ ಸಲಕರಣೆಗಳನ್ನು ತಡಮಾಡಲು ದೊಡ್ಡ ಮೋಟಾರು ಕಂಪೆನಿಗಳು ತಮ್ಮತಮ್ಮಲ್ಲೇ ಒಳಸಂಚು ಮಾಡಿದವೆಂದು ೧೯೬೯ರ ಜನವರಿಯಲ್ಲಿ ಅಮೆರಿಕದ ಸರಕಾರವೇ ದಾವೆ ಹೂಡಿತು. ಅದೇ ವರ್ಷ, ತಪ್ಪು ಒಪ್ಪಿಕೊಳ್ಳದೆ, ರಾಜಿ ಡಿಕ್ರಿಯಲ್ಲಿ ಮುಗಿಯಿತು. ಬಂಡವಾಳಗಾರನು ತಾನಾಗಿ ಹೊಗೆಯನ್ನು ಶುದ್ಧಿ ಮಾಡುವವನಲ್ಲ. ಕಾನೂನು ಮಾಡಿಸುತ್ತದೆ, ಕಾನೂನನ್ನು ಜನ ಮಾಡಿಸುತ್ತಾರೆ.

ಹಾಗಾದರೆ ಒಬ್ಬ ಸಂಗಾತಿ ಎದ್ದು ಕೇಳಬಹುದು: "ಅವರು ಕೋಟಿ ಗಾಡಿಗಳಲ್ಲಿ ಮೋಸ ಮಾಡಿ ಉಳಿದರು, ನಾವು ಒಂದು ತಗಡು ಹಾಕಿದರೆ ತಪ್ಪೇ?" ತಪ್ಪು ಎಂದೇ ನನ್ನ ಅಭಿಪ್ರಾಯ. ಅವರ ಲೆಕ್ಕದ ಬುದ್ಧಿಯನ್ನು ನಾವು ತಗಡಿನಲ್ಲಿ ನಕಲು ಮಾಡುವುದು ಯಾವ ಸಮಾಜವಾದ? ಆದರೆ ಮಗ್ಗುಲಿನ ಪ್ರಶ್ನೆಯೂ ಇದೆ. ಇಪ್ಪತ್ತೆಂಟು ಸಾವಿರ ಕೊಡಲಾರದವನಿಗೆ ತಗಡು ಬಿಟ್ಟರೆ ಬೇರೆ ದಾರಿ ಕೊಡದಿದ್ದರೆ ಉಪದೇಶಕ್ಕೆ ಬೆಲೆಯಿಲ್ಲ. ದಾರಿ ಇದೆ. ಆ ಗಾಡಿಯನ್ನೇ ಮರುವಾರ ಕರೆಸಿ, ತಗಡು ಕಿತ್ತು, ಪೆಟ್ಟಿಗೆಯ ಲೆಕ್ಕವನ್ನೂ ಮೊದಲಿನಂತೆ ಮಾಡಿಸಿ, ವಾಲ್ವನ್ನು ಬಿಚ್ಚಿ ತೊಳೆದೆ.

ಮಾಡುವುದು ಹೀಗೆ. ಇಂಜಿನ್ ಪೂರ್ತಿ ತಣಿಯಬೇಕು. ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ವಾಲ್ವು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಇನ್‌ಟೇಕಿಗೂ ನಡುವೆ ಇರುತ್ತದೆ. ಸುಕ್ಕುಸುಕ್ಕಾದ ಉಕ್ಕಿನ ಕೊಳವೆಯ ಜಾಡು ಹಿಡಿದರೆ ಸಿಗುತ್ತದೆ. ಕೆಲವಕ್ಕೆ ನೀರಿನ ಪೈಪೂ ಸೇರಿರುತ್ತದೆ, ಅದನ್ನು ನೋಡದೆ ಎಳೆಯಬಾರದು. ಬೋಲ್ಟುಗಳು ಕಾದು ಕಾದು ಹಿಡಿದುಕೊಂಡಿರುತ್ತವೆ. ಎಣ್ಣೆ ಹೊಯ್ದು ಒಂದು ರಾತ್ರಿ ಬಿಡಿ. ಬೋಲ್ಟು ಮುರಿದರೆ ಎರಡು ದಿನದ ಕೂಲಿ ಹೋಯಿತು. ಮಸಿಯನ್ನು ಮರದ ಕಡ್ಡಿಯಿಂದ ಕೆರೆದು, ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬೇಕು. ಮೋಟರಿರುವ ಭಾಗವನ್ನು ದ್ರವದಲ್ಲಿ ಮುಳುಗಿಸಬಾರದು. ಒಣ ಮಸಿಗೆ ಗಾಳಿ ಹೊಡೆಯಲೇಬಾರದು; ಅದು ಹೋಗುವುದು ನಿಮ್ಮ ಎದೆಗೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೋವ್ಸು. ಹಳೆಯ ಗ್ಯಾಸ್ಕೆಟ್ಟು ಮತ್ತೆ ಹಾಕಬಾರದು. ಕೂರಿಸಿದ ಮೇಲೆ ಸ್ಕ್ಯಾನರಿನಿಂದ ವಾಲ್ವನ್ನು ತೆರೆಸಿ ಮುಚ್ಚಿಸಿ ನೋಡಬೇಕು. ಕೆಲವು ಗಾಡಿಗಳಲ್ಲಿ ಅದರ ಮೊದಲ ಸ್ಥಾನವನ್ನು ಪೆಟ್ಟಿಗೆಗೆ ಮತ್ತೆ ಕಲಿಸಬೇಕಾಗುತ್ತದೆ. ಅರ್ಧ ದಿನದ ಕೆಲಸ. ಆ ಟ್ಯಾಕ್ಸಿ ಆಮೇಲೆ ಎರಡು ವರ್ಷ ದೀಪ ಹತ್ತದೆ ಓಡಿತು. ಎಲ್ಲ ವಾಲ್ವೂ ಹೀಗೆ ಬದುಕುತ್ತದೆಂದು ನಾನು ಹೇಳಲಾರೆ. ಮೋಟರು ಸುಟ್ಟಿದ್ದರೆ, ಒಳಗಿನ ಹಲ್ಲು ಸವೆದಿದ್ದರೆ ಬದಲಿಸಲೇಬೇಕು.

ಸ್ಕ್ಯಾನರೆಂದೆ. ಡ್ರೈವರಿನ ಮೊಣಕಾಲಿನ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಕೆಳಗೆ, ಹದಿನಾರು ಪಿನ್ನಿನ ಒಂದು ಸಾಕೆಟ್ಟಿದೆ. ಅಮೆರಿಕದಲ್ಲಿ ೧೯೯೬ರಿಂದ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿದರು. ನಮ್ಮಲ್ಲೂ ೨೦೧೦ರ ನಂತರ ಹಂತಹಂತವಾಗಿ ಬಂತು. ಕೋಡು ಎಲ್ಲ ಕಂಪೆನಿಗಳಿಗೂ ಸಾಮಾನ್ಯ: ಪಿ ೦೪೦೧ ಎಂದರೆ ಮರಳುವ ಹೊಗೆ ಸಾಲದು, ಪಿ ೦೧೭೧ ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ, ಪಿ ೦೪೨೦ ಎಂದರೆ ಕನ್ವರ್ಟರು ಸೋತಿದೆ. ಆದರೆ ಕೋಡು ಸಾಕ್ಷಿಯೇ ಹೊರತು ತೀರ್ಪಲ್ಲ. ಪಿ ೦೧೭೧ ಬಂದಾಗ ಆಮ್ಲಜನಕದ ಸೆನ್ಸರು ಬದಲಿಸಿ ಸಾವಿರಾರು ರೂಪಾಯಿ ಬಿಲ್ಲು ಮಾಡಿದ ಗಾಡಿಯೊಂದು ನನ್ನ ಹತ್ತಿರ ಬಂತು. ಸೀಳಿದ್ದು ಬೆರಳುದ್ದದ ರಬ್ಬರು ಕೊಳವೆ. ಸೆನ್ಸರು ಪಾಪ ಸತ್ಯವನ್ನೇ ಹೇಳುತ್ತಿತ್ತು!

ಸಾಮಾನ್ಯ ಕೋಡು ಓದುವ ಸಲಕರಣೆ ಅಗ್ಗವಾಗಿ ಸಿಗುತ್ತದೆ. ವಾಲ್ವನ್ನು ಆಡಿಸಿ ನೋಡುವ, ಮತ್ತೆ ಕಲಿಸುವ ವಿದ್ಯೆಯನ್ನು ಮಾತ್ರ ಕಂಪೆನಿಗಳು ತಮ್ಮ ಬೀಗದೊಳಗೆ ಇಟ್ಟುಕೊಂಡಿವೆ. ಅದರ ವಿರುದ್ಧ ನಮ್ಮ ದೇಶದಲ್ಲಿ ಒಂದು ದೊಡ್ಡ ಆದೇಶವೇ ಆಗಿದೆಯೆಂಬುದು ಇಲ್ಲಿ ಎಷ್ಟು ಮಂದಿಗೆ ಗೊತ್ತು? ಒಬ್ಬ ಸಾಮಾನ್ಯ ನಾಗರಿಕನ ದೂರಿನ ಮೇಲೆ ವಿಚಾರಣೆ ನಡೆಸಿ, ೨೦೧೪ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಮೋಟಾರು ಕಂಪೆನಿಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ತಪ್ಪೆಂದು ಹೇಳಿತು. ಕಂಪೆನಿಗಳು ಮೇಲಿನ ಕೋರ್ಟುಗಳಿಗೆ ಹೋದವು. ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೨೦೧೨ರಲ್ಲಿ ಜನರೇ ಮತ ಹಾಕಿ ದುರಸ್ತಿಯ ಹಕ್ಕನ್ನು ಪಡೆದುಕೊಂಡರು. ಕೊಂಡವನ ಗಾಡಿಯ ಒಳಗೇನಾಗಿದೆ ಎಂದು ಕೊಂಡವನಿಗೇ ತಿಳಿಯಬಾರದೆನ್ನುವುದು, ತಕ್ಕಡಿಯ ಮುಳ್ಳನ್ನು ಬಟ್ಟೆಯಿಂದ ಮುಚ್ಚಿ ವ್ಯಾಪಾರ ಮಾಡಿದಂತೆ. ನಮ್ಮ ಕಿರಾಣಿ ಅಂಗಡಿಯವರು ಹಾಗೆ ಮಾಡಿದರೆ ತೂಕದ ಇನ್ಸ್‌ಪೆಕ್ಟರು ಬಿಡುತ್ತಾನೆಯೇ?

ಆದ್ದರಿಂದ ನಾನು ಮುಂದಿಡುವ ಸೂಚನೆ ಎರಡೇ. ಒಂದು, ಇನ್ನು ಮುಂದೆ ಈ ಸಂಘದ ಯಾವ ಗ್ಯಾರೇಜಿನಲ್ಲೂ ತಗಡು ಹಾಕಕೂಡದು. ಹಾಕಿರುವುದನ್ನು ಕೀಳುವುದಕ್ಕೆ ಕೂಲಿ ಕೇಳಕೂಡದು. ಇದರಿಂದ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆಂಬ ಆಕ್ಷೇಪಣೆ ಬರುತ್ತದೆ. ಕೆಲವರು ಹೋಗುತ್ತಾರೆ, ನನ್ನವರೂ ಹೋದರು. ಎರಡು, ಪೂರ್ತಿ ಕೆಲಸದ ಸ್ಕ್ಯಾನರಿಗೆ ಹಲವು ಹತ್ತು ಸಾವಿರ ಬೇಕು. ಒಂದೊಂದು ಶೆಡ್ಡು ಒಂದೊಂದು ಕೊಳ್ಳುವುದು ಆಗದ ಮಾತು. ಸಂಘದಿಂದ ಒಂದನ್ನು ಕೊಂಡು, ಪಾಳಿಯ ಮೇಲೆ ಎಲ್ಲರೂ ಬಳಸೋಣ. ದಿನಕ್ಕಿಷ್ಟು ಬಾಡಿಗೆ ಎಂದು ಗೊತ್ತುಮಾಡಿದರೆ ವರ್ಷಕ್ಕೊಮ್ಮೆಯ ಸಾಫ್ಟ್‌ವೇರಿನ ಖರ್ಚೂ ಹೊರಡುತ್ತದೆ. ವಂತಿಗೆಯ ಪುಸ್ತಕ ಕಾರ್ಯದರ್ಶಿಗಳ ಹತ್ತಿರ ಇದೆ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಶೆಡ್ಡಿನಲ್ಲಿ ಒಂದು ಹಳೆಯ ಡೀಸೆಲ್ ಗಾಡಿಯ ವಾಲ್ವು ಬಿಚ್ಚುತ್ತೇವೆ. ಬೋಲ್ಟುಗಳಿಗೆ ಶನಿವಾರ ರಾತ್ರಿಯೇ ಎಣ್ಣೆ ಹಾಕಿಡುತ್ತೇನೆ. ಗಾಡಿ ಇರುವ ವ್ಯಾಪಾರಿಗಳೂ ಬಂದು ಕಣ್ಣಾರೆ ನೋಡಬಹುದು. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ; ಮಲ್ಟಿಮೀಟರು ಇದ್ದವರು ತನ್ನಿ, ನನ್ನದರ ಬ್ಯಾಟರಿ ಮುಗಿದಿದೆ.